ಸ್ಟೀಮ್ ಟೇಬಲ್ಲಿನ ಅಡ್ಡಗೆರೆ

ಎಕ್ಸೆಲ್‌ನಲ್ಲಿ ಸ್ಟೀಮ್ ಟೇಬಲ್ (ಹಬೆಯ ಗುಣಗಳ ಕೋಷ್ಟಕ) ನೋಡಲು ಬಲು ಅಚ್ಚುಕಟ್ಟು: ಮೇಲೆ ಉಷ್ಣಾಂಶ, ಎಡಕ್ಕೆ ಒತ್ತಡ, ನಡುವೆ ಎಂಥಾಲ್ಪಿ, ಅಂದರೆ ಹಬೆಯ ಶಾಖಾಂಶ. ಕೋಷ್ಟಕದಲ್ಲಿಲ್ಲದ ನಡುವಿನ ಬೆಲೆಗಳನ್ನು ಲೆಕ್ಕಹಾಕಲು ಮ್ಯಾಥಮ್ಯಾಟಿಕಾಗೆ ಈ ಅಲಂಕಾರ ಬೇಡ. ಮೂರು ಮೂರರ ಕಟ್ಟುಗಳೇ ಆಗಬೇಕು. 1 ಬಾರ್, 200 ಡಿಗ್ರಿ, 2875. 1 ಬಾರ್, 250 ಡಿಗ್ರಿ, 2974. ಆಮೇಲೆ 225ಕ್ಕೆಷ್ಟು ಅಂದರೆ ಸುಮಾರು 2925 ಅನ್ನುತ್ತದೆ, ತಟ್ಟನೆ.

ಕಿರಿಕಿರಿಯೆಲ್ಲ ಅಡ್ಡಗೆರೆಯದು. 10 ಬಾರ್‌ನಲ್ಲಿ 150 ಡಿಗ್ರಿಗೆ ಹಬೆ ಎಲ್ಲಿಂದ ಬಂತು, ಬರೀ ನೀರು! ಅದಕ್ಕೇ ಕೋಷ್ಟಕದವರು ಅಂಥ ಮನೆಗಳಲ್ಲಿ ಅಡ್ಡಗೆರೆ ಎಳೆದು ಕೈತೊಳೆದುಕೊಂಡಿದ್ದಾರೆ. ಮ್ಯಾಥಮ್ಯಾಟಿಕಾಗೆ ಆಮದಾದ ಮೇಲೆ ಆ ಗೆರೆ ಅಂಕಿಯಲ್ಲ, ಅಕ್ಷರ, ಲೆಕ್ಕ ಮುನಿಸಿಕೊಳ್ಳುತ್ತದೆ. ಜಾಣರು ಸೊನ್ನೆ ತುಂಬುತ್ತಾರೆ. ಆಗ ನುಣುಪಾಗಬೇಕಿದ್ದ ಎಂಥಾಲ್ಪಿಯ ಮೇಲ್ಮೈ ಹಗ್ಗ ಹರಿದ ಕೊಡದಂತೆ ದುಡುಮ್ಮನೆ ಪಾತಾಳಕ್ಕಿಳಿಯುತ್ತದೆ. ಪಕ್ಕದ ಒಳ್ಳೆಯ ಅಂಕಿಗಳ ನಡುವೆಯೂ ಓಲಾಟ. ಆ ಮನೆಗಳನ್ನೇ ಕಿತ್ತರೆ? ಚೌಕಟ್ಟು ಮುರಿಯಿತು, ಇನ್ನು ನೇರಗೆರೆಗಷ್ಟೇ ಸೈ ಎಂಬ ತಕರಾರು. ಕೊನೆಗೆ 10 ಬಾರ್‌ವರೆಗಿನ, 200 ಡಿಗ್ರಿ ಮೇಲಿನ ತುಂಬಿದ ಚೌಕವನ್ನಷ್ಟೇ ಕೊಟ್ಟರೆ ತೆಪ್ಪಗಾಗುತ್ತದೆ.