ಜಪ್ತಿಮೀಮಾಂಸೆ

ಋಣವು ಅನಾದಿಯೂ ಅನಂತವೂ ಆದುದು, ಅಮೀನನಾದರೋ ಸಾದಿಯೂ ಸಾಂತನೂ ಆದವನು ಎಂಬಲ್ಲಿ ಆಚಾರ್ಯರೊಳಗೆ ಭಿನ್ನಾಭಿಪ್ರಾಯವಿಲ್ಲ. ಆ ಅಮೀನನ ನಡೆಯನ್ನು ನಿಯಮಿಸುವ ಸೂತ್ರಗ್ರಂಥವು 1908ನೆಯ ಇಸವಿಯ ಸಿವಿಲ್ ಪ್ರಕ್ರಿಯಾ ಸಂಹಿತೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಜಗಲಿಗಳಲ್ಲಿ ಕವಳದ ಜತೆಗೆ ಬೆಳೆದುಬಂದ ಅದರ ಭಾಷ್ಯಪರಂಪರೆಯನ್ನು ಸಂಗ್ರಹಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

60ನೆಯ ಸೂತ್ರವು ಸಾಲಗಾರನ ಅವಶ್ಯಕ ಉಡುಪು, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆಗಳನ್ನೂ, ಅವನು ಕೃಷಿಕನಾದರೆ ಬೇಸಾಯದ ಉಪಕರಣಗಳನ್ನೂ, ಜೀವನೋಪಾಯಕ್ಕೆ ಬೇಕಾದಷ್ಟು ದನಕರು, ಬಿತ್ತನೆಬೀಜಗಳನ್ನೂ ಜಪ್ತಿಯಿಂದ ಮುಕ್ತಗೊಳಿಸಿದೆ. ಇಲ್ಲಿಯೇ ಹುಟ್ಟುವುದು ಹಂಡೆಯ ಪ್ರಶ್ನೆ. ಸುಲಿದ ಹಸಿಯಡಿಕೆಯನ್ನು ಚೊಗರಿನಲ್ಲಿ ಬೇಯಿಸುವ ತಾಮ್ರದ ಹಂಡೆಯು ಅಡುಗೆಯ ಪಾತ್ರೆಯೇ? ಬೇಯಿಸುವಿಕೆಯೇ ಅಡುಗೆಯ ಲಕ್ಷಣವಾದುದರಿಂದ ಅಹುದೆಂದು ಸಾಗರದ ಪಂಥ. ಬೆಂದುದನ್ನು ಉಣ್ಣದೆ ಮಂಡಿಗೆ ಕಳುಹಿಸುವುದರಿಂದ ಅದು ಬೇಸಾಯದ ಉಪಕರಣವೆಂದು ತೀರ್ಥಹಳ್ಳಿಯ ಪಂಥ. ಎರಡು ಪಂಥಗಳೂ ಹಂಡೆಯನ್ನು ಉಳಿಸಿಕೊಂಡೇ ವಾದಿಸುತ್ತವೆಂಬುದು ವಿದ್ವಜ್ಜನರ ಗಮನಕ್ಕೆ ಬಾರದೆ ಇರದು. ಹೊಸನಗರದ ಪಂಥವು ಮಾತ್ರ, ಸ್ವಭಾವತಃ ಕರ್ಮಯೋಗನಿಷ್ಠವಾದುದರಿಂದ, ಅಮೀನನು ಬರುವ ಮುನ್ನಾದಿನವೇ ಹಂಡೆಯನ್ನು ಭಾವನ ಮನೆಗೆ ಸಾಗಿಸಿ ಪ್ರಶ್ನೆಯನ್ನೇ ನಿರವಕಾಶಗೊಳಿಸಿತು.

ಸೂರ್ಯಾಸ್ತದ ಬಳಿಕ, ಸೂರ್ಯೋದಯಕ್ಕೆ ಮುನ್ನ ವಾಸದ ಮನೆಯನ್ನು ಹೊಗಲಾಗದೆಂಬುದು 62ನೆಯ ಸೂತ್ರ. ಸೂತ್ರಕಾರರು ಆಗುಂಬೆಯಲ್ಲಿ ಆಷಾಢವನ್ನು ಕಳೆದವರಲ್ಲವೆಂಬುದು ಇದರಿಂದಲೇ ಸಿದ್ಧ. ಮಳೆಯಿಲ್ಲದ ದಿನಗಳಲ್ಲಿ ಸೂರ್ಯಾಸ್ತವನ್ನು ನೋಡಲೆಂದೇ ದೂರದೂರದಿಂದ ಜನರು ಬಂದು ನಿಲ್ಲುವ ಆ ಘಟ್ಟದ ತಲೆಯಲ್ಲಿ, ಮಳೆಗಾಲದ ಸೂರ್ಯನು ಉದಯಿಸಿದನೆಂಬುದಕ್ಕೆ ಅನುಮಾನವಲ್ಲದೆ ಪ್ರತ್ಯಕ್ಷಪ್ರಮಾಣವಿಲ್ಲ; ಆದಕಾರಣ ಜೂನಿನಿಂದ ಸೆಪ್ಟೆಂಬರಿನವರೆಗೆ ಒಂದೇ ಅವಿಚ್ಛಿನ್ನ ರಾತ್ರಿಯೆಂದು ವಾದಿಸುವ ಸಾಲಗಾರನನ್ನು ತರ್ಕದಿಂದ ಗೆಲ್ಲುವುದು ಸುಲಭವಲ್ಲ. ಈ ಸಂಕಟವನ್ನು ಕಂಡೋ ಏನೋ, ರಿಜರ್ವ್ ಬ್ಯಾಂಕು 2022ರಲ್ಲಿ ಸೂರ್ಯನನ್ನು ಕೈಬಿಟ್ಟು ಗಡಿಯಾರವನ್ನು ಹಿಡಿಯಿತು: ಕಿರುಸಾಲದ ವಸೂಲಿಗಾರನು ಬೆಳಗಿನ 9ಕ್ಕೆ ಮುನ್ನ, ಸಂಜೆಯ 6ರ ಬಳಿಕ ಸಾಲಗಾರನಿಗೆ ಫೋನು ಕೂಡ ಮಾಡಕೂಡದು.

ಕಾರಾಗೃಹಪ್ರಕರಣವನ್ನು ಸಂಕ್ಷೇಪಿಸುತ್ತೇನೆ. ಸಾಲಗಾರನನ್ನು ಸಿವಿಲ್ ಸೆರೆಗೆ ಕಳುಹಿಸಿದ ಡಿಕ್ರಿದಾರನು ಅಲ್ಲಿ ಅವನ ಅನ್ನದ ಖರ್ಚನ್ನು ತಾನೇ ಕೊಡತಕ್ಕದ್ದು. ಕೊಡದಿದ್ದರೆ ಸೆರೆಯಾಳಿಗೆ ಬಿಡುಗಡೆ. ಸಾಲವಿತ್ತವನ ತಲೆಗೇ ಸಂತರ್ಪಣೆಯ ಭಾರವನ್ನೂ ಹೊರಿಸಿದ ಸೂತ್ರಕಾರರನ್ನು ನೀರಸರೆನ್ನುವವರು ಅರಸಿಕರು.

ಇನ್ನು ನವ್ಯಪ್ರಸ್ಥಾನ. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವು ಹೊರಡಿಸಿದ ಸುಗ್ರೀವಾಜ್ಞೆಯ ಮೇರೆಗೆ, ಸಾಲಗಾರನ ಬೆನ್ನುಹತ್ತುವುದೂ ಪದೇ ಪದೇ ಅವನ ಮನೆಗೆ ಎಡತಾಕುವುದೂ ಬಲವಂತದ ಕ್ರಮಗಳೆನಿಸಿ, 10 ವರ್ಷದವರೆಗೆ ಸೆರೆಗೂ 5 ಲಕ್ಷ ರೂಪಾಯಿಯವರೆಗೆ ದಂಡಕ್ಕೂ ಈಡಾದವು. ಸ್ಥಿರಾಸ್ತಿಯ ಜಪ್ತಿಯನ್ನು ತಮಟೆ ಬಾರಿಸಿ ಸಾರುವ ಹಳೆಯ ವಿಧಿಯಲ್ಲಿ ಗದ್ದಲವಿದ್ದರೂ, ಬಾರಿಸುವವನು ಸರ್ಕಾರದ ಪರವಾಗಿ ಬಂದವನೆಂಬ ಸ್ಪಷ್ಟತೆಯಿತ್ತು. ಕಿರುಸಾಲದಲ್ಲಿ ತಮಟೆಯಿಲ್ಲ, ಗುಂಪಿದೆ. ಕಂತು ತಪ್ಪಿದ ವಾರ ವಸೂಲಿಯ ಹುಡುಗನು ರಸ್ತೆಯಲ್ಲಿ ಬೈಕಿನ ಮೇಲೆಯೇ ಕುಳಿತಿರಲು, ಸಾಲಗಾರಳ ಜಗಲಿಯೇರಿ ಕೂರುವವರು ಅವಳ ಸಾಲಕ್ಕೆ ತಾವೂ ಹೊಣೆಯಾದ ನೆರೆಮನೆಯ ಹೆಂಗಸರು. ಬಂದವರಿಗೆ ಬಾಯಾರಿಕೆಗೆ ಕೇಳದಿರುವುದು ಮಲೆನಾಡಿನ ಧರ್ಮವಲ್ಲವಾದುದರಿಂದ ಅವಳು ಕಾಫಿಗೂ ಇಡುತ್ತಾಳೆ. ಹೀಗೆ ಬಂದವರು ಏಜೆಂಟರೋ, ಅತಿಥಿಗಳೋ, ಸ್ವತಃ ಪೀಡಿತರೋ ಎಂಬಲ್ಲಿ ಸಾಗರ, ತೀರ್ಥಹಳ್ಳಿಗಳ ಪಂಥಗಳು ಇನ್ನೂ ಕಚ್ಚಾಡುತ್ತಿವೆ. ಹೊಸನಗರದ ಪಂಥವಂತೂ ನಿರುತ್ತರವಾಗಿದೆ, ಏಕೆಂದರೆ ಭಾವನ ಹೆಂಡತಿಯೂ ಅದೇ ಗುಂಪಿನ ಸದಸ್ಯೆ.