ಬಿಡದಿಯ ಹಿಮಜಾರು ಪರಂಪರೆ: ಒಂದು ಸಾಧಾರ ವಿವೇಚನೆ

ಚಳಿಗಾಲದಲ್ಲಿ ಬೆಟ್ಟದೂರಿಗೆ ಹೋಗಿ, ಒಂದೇ ಮನೆತನದವರು ನಡೆಸುವ ಹೋಟೆಲಿನಲ್ಲಿ ಇಳಿದು, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಿ, ಸಂಜೆ ಬಿಸಿಬಿಸಿಯಾಗಿ ಉಂಡು ಮಲಗುವ ಪದ್ಧತಿ ಇಟಲಿಯ ಆಲ್ಪ್ಸ್ ಸೀಮೆಯದೆಂದು ವಿದ್ವಲ್ಲೋಕ ಈವರೆಗೆ ನಂಬಿಕೊಂಡು ಬಂದಿದೆ. ಈ ನಂಬಿಕೆಗೆ ಕಾರಣ ಒಂದೇ: ಆ ವಿದ್ವಾಂಸರಲ್ಲಿ ಯಾರೂ ಬಿಡದಿಯಲ್ಲಿ ಬಸ್ಸಿಳಿದವರಲ್ಲ. ಇಳಿದಿದ್ದರೆ, ಇಂಥ ರಜೆಗೆ ಬೇಕಾದ ಸಕಲ ಸಾಮಗ್ರಿಯೂ ಬೆಂಗಳೂರು-ಮೈಸೂರು ರಸ್ತೆಯ ಎಡಬಲದಲ್ಲೇ ಬಿದ್ದಿರುವುದು ಅವರ ಕಣ್ಣಿಗೆ ಬೀಳುತ್ತಿತ್ತು. ಪ್ರಸ್ತುತ ಪ್ರಬಂಧ ಆ ಲೋಪವನ್ನು ತಿದ್ದುವ ವಿನಮ್ರ ಯತ್ನ. ವಿನಮ್ರ ಎಂಬ ಮಾತನ್ನು ಸಂಪ್ರದಾಯಕ್ಕಾಗಿ ಬಳಸಿದೆ, ಅಷ್ಟೆ.

ತುಲನೆಗೆ ಆರಿಸಿಕೊಂಡ ಊರು ಈಶಾನ್ಯ ಇಟಲಿಯ ಡಾಲಮೈಟ್ ಬೆಟ್ಟಸಾಲಿನಲ್ಲಿ, ಗಾರ್ಡೇನಾ ಕಣಿವೆಯಲ್ಲಿರುವ ಒರ್ತಿಸೇಯಿ. ಆರಿಸಿದ್ದು ಕಣ್ಣುಮುಚ್ಚಿಕೊಂಡಲ್ಲ. ಒರ್ತಿಸೇಯಿ ಸಮುದ್ರಮಟ್ಟದಿಂದ 1,236 ಮೀಟರ್ ಎತ್ತರದಲ್ಲಿದೆ. ಬಿಡದಿಯಿಂದ ಮಾಗಡಿ ದಿಕ್ಕಿಗೆ ತಿರುಗಿದರೆ ಸಿಗುವ ಸಾವನದುರ್ಗದ ನೆತ್ತಿ 1,226 ಮೀಟರ್. ವ್ಯತ್ಯಾಸ ಹತ್ತೇ ಮೀಟರ್. ನೆತ್ತಿಯ ಮೇಲೊಂದು ಮೂರಂತಸ್ತಿನ ಮನೆ ಕಟ್ಟಿ ಅದರ ತಲೆಗೆ ಸಿಂಟೆಕ್ಸ್ ಟ್ಯಾಂಕ್ ಕೂರಿಸಿದರೆ ಸರಿಹೋಗುವಂಥದ್ದು. ಇಷ್ಟು ಜುಜುಬಿ ಅಂತರಕ್ಕೆ ಅಲ್ಲಿ ಹಿಮ ಬೀಳುತ್ತದೆ, ಇಲ್ಲಿ ಬೀಳುವುದಿಲ್ಲ ಎಂದರೆ ಅದು ಪ್ರಕೃತಿಯ ಪಕ್ಷಪಾತವೇ ಹೊರತು ಬೆಟ್ಟದ ತಪ್ಪಲ್ಲ.

ಇಲ್ಲಿ ಪೂರ್ವಪಕ್ಷವೊಂದಿದೆ. ಅಲ್ಲಿಯ ಅಕ್ಷಾಂಶ ನಲವತ್ತಾರೂವರೆ ಡಿಗ್ರಿ, ಬಿಡದಿಯದು ಹದಿಮೂರಕ್ಕೂ ಕಡಿಮೆ, ಆದ್ದರಿಂದ ಎತ್ತರವೊಂದನ್ನೇ ಹಿಡಿದು ವಾದಿಸಬಾರದು ಎಂದು ನಿವೃತ್ತ ಭೂಗೋಳದ ಮೇಷ್ಟರೊಬ್ಬರು ಆಕ್ಷೇಪಿಸುತ್ತಾರೆ. ಇದಕ್ಕೆ ಸಿದ್ಧಾಂತ: ಅಕ್ಷಾಂಶವೆಂಬುದು ನಕ್ಷೆಯ ಮೇಲಿನ ಗೆರೆ. ಸಾವನದುರ್ಗ ಹತ್ತಿದವರಲ್ಲಿ ಆ ಗೆರೆಯನ್ನು ಕಂಡವರಿಲ್ಲ. ಎತ್ತರವನ್ನು ಮಾತ್ರ ಎಲ್ಲರ ಮೊಣಕಾಲುಗಳೂ ಕಂಡಿವೆ. ಪ್ರತ್ಯಕ್ಷದ ಮುಂದೆ ಅನುಮಾನ ನಿಲ್ಲದು.

ಕಲ್ಲಿನ ವಯಸ್ಸಿಗೆ ಬಂದರೆ ವಾದವೇ ಬೇಕಿಲ್ಲ. ಡಾಲಮೈಟ್ ಬೆಟ್ಟಗಳು ಇಪ್ಪತ್ತು ಇಪ್ಪತ್ತೈದು ಕೋಟಿ ವರ್ಷಗಳ ಹಿಂದೆ ಸಮುದ್ರದಡಿಯಲ್ಲಿ ಹವಳದ ದಿಬ್ಬಗಳಾಗಿ ಕೂತಿದ್ದವು. ಆ ಹೊತ್ತಿಗೆ ಬಿಡದಿಗೆ ನೆರೆಯ ರಾಮನಗರದ ಬಂಡೆಗೆ ಇನ್ನೂರು ಕೋಟಿ ದಾಟಿತ್ತು. ಈಗ ಸುಮಾರು ಇನ್ನೂರೈವತ್ತು ಕೋಟಿ. ಹಿರಿಯರಾರು ಎಂಬುದನ್ನು ಓದುಗರೇ ತೀರ್ಮಾನಿಸಲಿ. 2009ರಲ್ಲಿ ಯುನೆಸ್ಕೋದವರು ಆ ಎಳೆಯ ಬೆಟ್ಟಗಳಿಗೆ ವಿಶ್ವ ಪರಂಪರೆಯ ಪಟ್ಟ ಕಟ್ಟಿದರು. ನಮ್ಮ ಹಿರಿಯ ಬಂಡೆಯನ್ನು ಜೆಲ್ಲಿ ಕ್ರಷರಿನವರು ಗುರುತಿಸಿದರು.

ಎರಡು ಕಲ್ಲುಗಳಿಗೂ ಪರಸ್ಥಳದವರ ಹೆಸರೇ ಗಂಟುಬಿದ್ದಿರುವುದು ಗಮನಾರ್ಹ. ಇಟಲಿಯ ಬೆಟ್ಟಕ್ಕೆ ದೊಲೊಮ್ಯು ಎಂಬ ಫ್ರೆಂಚ್ ಭೂವಿಜ್ಞಾನಿಯ ಹೆಸರು. ನಮ್ಮದಕ್ಕೆ ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರು. ಶಂಸೇರಾಬಾದ್ ಆಗಿದ್ದ ಊರು ಕ್ಲೋಸ್‌ಪೇಟೆಯಾಗಿ, ಆಮೇಲೆ ರಾಮನಗರವಾಗಿ, 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಕಲ್ಲು ಮಾತ್ರ ಭೂವಿಜ್ಞಾನದ ಪುಸ್ತಕದಲ್ಲಿ ಇನ್ನೂ ಕ್ಲೋಸ್‌ಪೇಟೆ ಗ್ರಾನೈಟ್ಟೇ. ಒರ್ತಿಸೇಯಿಯೂ ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಕೈಬದಲಾದ ಊರು; ಲದೀನ್, ಜರ್ಮನ್, ಇಟಾಲಿಯನ್ ಎಂದು ಮೂರು ಭಾಷೆಯಲ್ಲಿ ಅದರ ಬೋರ್ಡು ಬರೆಯಬೇಕು. ಇಂಥ ಊರುಗಳಲ್ಲಿ ಕೆಲಸಕ್ಕೆ ಬರವಿಲ್ಲದವನು ಬೋರ್ಡು ಬರೆಯುವವನೊಬ್ಬನೇ.

ಹಾಗಿದ್ದರೆ ಬಿಡದಿಯಲ್ಲಿ ಹುಟ್ಟಿದ ಈ ಜಾರುವ ವಿದ್ಯೆ ಇಟಲಿಗೆ ದಾಟಿದ್ದು ಹೇಗೆ? 1860ರ ದಶಕದಲ್ಲಿ ದೆ ವೆಕ್ಕಿ ಎಂಬ ಇಟಲಿಯ ಮಹನೀಯ ಬಿಡದಿಗೆ ಕೂಗಳತೆಯ ಕೆಂಗೇರಿಯಲ್ಲಿ ಉಗಿಯಂತ್ರದಿಂದ ರೇಷ್ಮೆನೂಲು ಬಿಚ್ಚುವ ಕಾರ್ಖಾನೆ ಹಾಕಿದ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇನ್ನೊಬ್ಬ ಇಟಾಲಿಯನ್ ರೇಷ್ಮೆ ತಜ್ಞನನ್ನು ತಾನೇ ಕರೆಸಿಕೊಂಡಿತು. ಚನ್ನಪಟ್ಟಣದ ರೇಷ್ಮೆ ಫಾರಂ ಆ ಕಾಲದ್ದು. ಇವರು ಬಂದದ್ದು ರೇಷ್ಮೆ ಕಲಿಸಲು ಎಂದು ಕಡತಗಳು ಹೇಳುತ್ತವೆ. ಏನು ಕಲಿತುಹೋದರು ಎಂಬುದನ್ನು ಹೇಳುವುದಿಲ್ಲ. ದಾಖಲೆ ಇಲ್ಲದಿರುವುದೇ ಹೊತ್ತೊಯ್ದರು ಎನ್ನುವುದಕ್ಕೆ ಬಲವಾದ ಆಧಾರ. ವಿಮಾನದಿಂದ ಹಿಡಿದು ಪ್ಲಾಸ್ಟಿಕ್ ಸರ್ಜರಿಯವರೆಗೆ ನಮ್ಮ ಅರ್ಧ ಸಂಶೋಧನೆ ನಿಂತಿರುವುದು ಈ ತತ್ತ್ವದ ಮೇಲೆಯೇ, ಆದ್ದರಿಂದ ಇದನ್ನು ಪ್ರಶ್ನಿಸುವವರು ಯೋಚಿಸಿ ಪ್ರಶ್ನಿಸಬೇಕು.

ಗೊಂಬೆಯ ವಿಚಾರ ಇನ್ನೂ ಸ್ಪಷ್ಟ. ಹಿಮಜಾರಾಟದ ಪ್ರವಾಸಿಗರು ಬರುವ ಮೊದಲು ಗಾರ್ಡೇನಾ ಕಣಿವೆಯವರು ಚಳಿಗಾಲದಲ್ಲಿ ಮನೆಯೊಳಗೆ ಕೂತು ಮರದ ಗೊಂಬೆ ಕೆತ್ತುತ್ತಿದ್ದರು. ಹದಿನೆಂಟು ಹತ್ತೊಂಬತ್ತನೆಯ ಶತಮಾನದಲ್ಲಿ ಆ ಗೊಂಬೆಗಳು ಯುರೋಪಿನ ಉದ್ದಗಲಕ್ಕೂ ಮಾರಾಟವಾದವು. ಚನ್ನಪಟ್ಟಣದವರು ಆಲೆಮರವನ್ನು ಪಟ್ಟಡಿಯಲ್ಲಿ ತಿರುಗಿಸಿ ಅರಗಿನ ಬಣ್ಣ ಕೂರಿಸಿ ಗೊಂಬೆ ಮಾಡುತ್ತಾರೆ. ಮರ ಬೇರೆ, ಬಣ್ಣ ಬೇರೆ, ಮಗು ಕಚ್ಚುವ ಜಾಗ ಒಂದೇ. ಅಲ್ಲಿ ಗೊಂಬೆ ಕೆತ್ತುವವರ ಮಕ್ಕಳು ಹೋಟೆಲ್ ಕಟ್ಟಿದರು, ಜಾರಾಟದ ಮೇಷ್ಟರಾದರು. ಇಲ್ಲಿ ಗೊಂಬೆ ಮಾಡುವವರ ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುತ್ತಾರೆ. ಈ ವಾಕ್ಯ ಪ್ರಬಂಧದ ಹಾಸ್ಯಕ್ಕೆ ಹೊಂದುವುದಿಲ್ಲವೆಂದು ಗೊತ್ತು, ಆದರೂ ಇರಲಿ.

ಇನ್ನು ಜಾರುವಿಕೆ. ಮಂಡಿಯ ತನಕ ಚಡ್ಡಿ ಹಾಕಿದ ವಯಸ್ಸಿನಲ್ಲಿ ಈ ಸೀಮೆಯ ಹುಡುಗರು ತೆಂಗಿನ ಮಟ್ಟೆಯ ಮೇಲೆ ಕೂತು ಬಂಡೆಯಿಂದ ಜಾರುತ್ತಿದ್ದರು. ಮುಂದೆ ಕೂತವನು ಗರಿಯ ಬುಡ ಹಿಡಿಯಬೇಕು, ಹಿಂದೆ ಕೂತವನು ಮುಂದಿನವನ ಸೊಂಟ ಹಿಡಿಯಬೇಕು, ಕೆಳಗೆ ಬಿದ್ದಮೇಲೆ ತಪ್ಪು ಯಾರದೆಂದು ಇಬ್ಬರೂ ಹೊಡೆದಾಡಬೇಕು. ಸಲಕರಣೆ ಬಾಡಿಗೆ ಸೊನ್ನೆ. ಚಡ್ಡಿಯ ಹಿಂಭಾಗ ಮಾತ್ರ ಖರ್ಚು. ಇಟಲಿಯಲ್ಲಿ ಇದೇ ಕೆಲಸಕ್ಕೆ ಕಾಲನ್ನು ಕಬ್ಬಿಣದಂಥ ಬೂಟಿಗೆ ತುರುಕಿ, ಆ ಬೂಟನ್ನು ಹಲಗೆಗೆ ಕಚ್ಚಿಸಿ, ಬಿಲ್ ಕೊಡುತ್ತಾರೆ. 2005ರಿಂದ ಬಿಡದಿಯ ವಂಡರ್‌ಲಾದಲ್ಲಿಯೂ ಜಾರಲು ಟಿಕೆಟ್ ಇದೆ, ನೀರಿಗಿಳಿಯಲು ನೈಲಾನ್ ಉಡುಪು ಕಡ್ಡಾಯ. ಜಾರುವ ವಿದ್ಯೆ ಪುಕ್ಕಟೆಯಿಂದ ಬಿಲ್ಲಿಗೆ ಬರುವ ಈ ಹಂತವನ್ನು ಸಮಾಜಶಾಸ್ತ್ರಜ್ಞರು ನಾಗರಿಕತೆ ಎನ್ನುತ್ತಾರೆ.

ಕನ್ನಡಿಗರಿಗೆ ಹಿಮ ಒಗ್ಗದು ಎಂಬ ಆಕ್ಷೇಪವೂ ಈಗ ಬಿದ್ದುಹೋಗಿದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಸಾಗುವ ಕ್ರಾಸ್‌ಕಂಟ್ರಿ ಜಾರಾಟದಲ್ಲಿ ಕಂಚು ತಂದರು. ಆಕೆಯದು ನಿಜವಾದ ಸಾಧನೆ. ಅಣಕು ಪ್ರಬಂಧದಲ್ಲಿ ಅದಕ್ಕೆ ಜಾಗ ಸಾಲದು.

ಗಾರ್ಡೇನಾದ ಸಾಸ್ಲಾಂಗ್ ಎಂಬ ಜಾರುದಾರಿಯಲ್ಲಿ 1969ರಿಂದ ವಿಶ್ವಕಪ್ ಪಂದ್ಯಗಳು ನಡೆಯುತ್ತಿವೆ. ಅದರ ನಡುವೆ ಒಂಟೆಡುಬ್ಬ ಎಂದು ಹೆಸರಾದ ಉಬ್ಬುಗಳಿವೆ. ಜಗದ್ವಿಖ್ಯಾತ ಆಟಗಾರರು ಅಲ್ಲಿಂದ ಗಾಳಿಗೆ ಹಾರಿ, ಧೈರ್ಯವಿದ್ದವರು ಆಚೆ ಇಳಿಯುತ್ತಾರೆ, ಇಲ್ಲದವರು ಮೊದಲೇ ವೇಗ ತಗ್ಗಿಸುತ್ತಾರೆ. ರಾಮನಗರ ಸೀಮೆಯ ಯಾವ ಊರ ಮುಂದಿನ ರೋಡ್ ಹಂಪಿನ ಮೇಲಾದರೂ ಹಿಂದೆ ಹೆಂಡತಿ, ಮುಂದೆ ಮಗು, ಹ್ಯಾಂಡಲಿಗೆ ತರಕಾರಿ ಚೀಲ ಸಿಕ್ಕಿಸಿಕೊಂಡು ದಿನವೂ ಹಾರುವ ಸ್ಕೂಟರ್ ಸವಾರನಿಗೆ ಯಾವ ಕಪ್ಪೂ ಇಲ್ಲ. ಬಿಳಿ ಪಟ್ಟೆ ಬಳಿಯದ ಹಂಪಿನ ಮೇಲೆ ರಾತ್ರಿ ಹೊತ್ತು ಹಾರುವುದು ಒಲಿಂಪಿಕ್ಸ್‌ನಲ್ಲಿಯೂ ಇಲ್ಲದ ವಿಭಾಗ.

ಉಳಿದದ್ದು ಹಿಮ. ಇದೇ ಬಿಡದಿಯ ದೌರ್ಬಲ್ಯವೆಂದು ಎದುರಾಳಿಗಳು ಕಾದು ಕೂತಿರುತ್ತಾರೆ. ಅವರಿಗೆ ತಿಳಿಯದ ಸಂಗತಿ ಎಂದರೆ, ಇಟಲಿಯ ಜಾರುದಾರಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಯಂತ್ರದ ಹಿಮವನ್ನು ನೆಚ್ಚಿಕೊಂಡಿವೆ ಎಂದು ಅಲ್ಲಿನ ಪರಿಸರ ಸಂಘಟನೆಯವರೇ ಲೆಕ್ಕ ಹೇಳುತ್ತಾರೆ. ಕೆರೆ ತೋಡಿ, ನೀರನ್ನು ಪೈಪಿನಲ್ಲಿ ಬೆಟ್ಟ ಹತ್ತಿಸಿ, ಕೊರೆಯುವ ಚಳಿಯಲ್ಲಿ ಒತ್ತಡದ ಗಾಳಿಯೊಂದಿಗೆ ತುಂತುರಾಗಿ ಊದುತ್ತಾರೆ. ಹನಿ ನೆಲ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಬಿಡದಿ ಹೋಬಳಿ ಈ ತಂತ್ರದಲ್ಲಿ ಎಷ್ಟೋ ಮುಂದೆ. ಬೆಂಗಳೂರಿನ ಬಚ್ಚಲು, ಕಾರ್ಖಾನೆ, ಮೋರಿಗಳ ಸಾರಸರ್ವಸ್ವವನ್ನು ಹೊತ್ತ ವೃಷಭಾವತಿ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ನೀರು ಧುಮುಕುವಾಗ ಬಟ್ಟೆಸೋಪಿನ ಮಹಿಮೆಯಿಂದ ಬೆಳ್ಳನೆಯ ನೊರೆ ರಾಶಿರಾಶಿಯಾಗಿ ಏಳುತ್ತದೆ, ಗಾಳಿ ಬೀಸಿದರೆ ಹಾರುತ್ತದೆ. ಯಂತ್ರವಿಲ್ಲ, ಕರೆಂಟ್ ಬಿಲ್ಲಿಲ್ಲ, ಡಿಸೆಂಬರಿಗೆ ಕಾಯಬೇಕಿಲ್ಲ, ಏಪ್ರಿಲ್ ಬಿಸಿಲಿಗೂ ಕರಗುವುದಿಲ್ಲ. ತಯಾರಿಕೆಯ ಖರ್ಚು ಬೆಂಗಳೂರಿನದು, ಪ್ರಾಪ್ತಿ ಬಿಡದಿಯದು. ಅದರ ವಾಸನೆ, ಕೆಳಗಿನ ಗದ್ದೆಗಿಳಿಯುವವರ ಕಾಲಿನ ತುರಿಕೆ, ಕೊಳವೆಬಾವಿಯ ನೀರಿನ ಬಣ್ಣ ಮುಂತಾದವು ಈ ಅಧ್ಯಯನದ ವ್ಯಾಪ್ತಿಯ ಹೊರಗಿವೆ. ವ್ಯಾಪ್ತಿಯ ಹೊರಗಿಡುವ ಈ ಕ್ರಮವನ್ನು ಸರ್ಕಾರಿ ವರದಿಗಳಿಂದ ಕಲಿತೆ.

ಡಾಲಮೈಟ್ ಸೀಮೆಯಲ್ಲಿ ಸೂಪರ್‌ಸ್ಕೀ ಎಂಬ ಒಂದೇ ಪಾಸು ಜೇಬಿನಲ್ಲಿದ್ದರೆ ಹನ್ನೆರಡು ಪ್ರದೇಶಗಳ ಜಾರುದಾರಿಗಳೂ ತೆರೆದುಕೊಳ್ಳುತ್ತವೆ. ಗೇಟಿನ ಬಳಿ ಹೋದರೆ ಚಿಪ್ಪನ್ನು ಅದೇ ಓದಿಕೊಳ್ಳುತ್ತದೆ. ನಮ್ಮ ಫಾಸ್ಟ್ಯಾಗೂ ಇದೇ ಕುಲದ್ದು, ಕಣಿಮಿಣಿಕೆಯ ಟೋಲ್ ಗೇಟಿನಲ್ಲಿ ತಾನೇ ಓದಿಸಿಕೊಳ್ಳುತ್ತದೆ. ಭೇದವಿಷ್ಟೆ: ಅಲ್ಲಿ ದುಡ್ಡು ಕಟ್ಟಿಸಿಕೊಂಡು ಒಳಗೆ ಬಿಡುತ್ತಾರೆ, ಇಲ್ಲಿ ದುಡ್ಡು ಕಟ್ಟಿಸಿಕೊಂಡು ಆಚೆ ಸಾಗಹಾಕುತ್ತಾರೆ.

ಒಳಗೆ ಬಿಟ್ಟವರು ತಂಗುವುದೆಲ್ಲಿ ಎಂಬ ಪ್ರಶ್ನೆ ನಮ್ಮನ್ನು ಪ್ರಬಂಧದ ಹೃದಯಕ್ಕೆ, ಅಂದರೆ ಹೋಟೆಲಿಗೆ, ತಂದು ನಿಲ್ಲಿಸುತ್ತದೆ. ಇಟಲಿಯವರಿಗೆ ಬಿಳಿ ವಾರ ಎಂಬ ಆಚಾರವಿದೆ: ಶನಿವಾರ ಬಂದು ಮುಂದಿನ ಶನಿವಾರದವರೆಗೆ ಒಂದೇ ಹೋಟೆಲಿನಲ್ಲಿ ತಂಗುವುದು. ತಿಂಡಿ, ರಾತ್ರಿಯೂಟ ಹೋಟೆಲಿನದೇ. ಮೊದಲ ದಿನ ಕೂತ ಮೇಜು ವಾರವಿಡೀ ನಿಮ್ಮದು. ಅಪ್ಪ ಲೆಕ್ಕದ ಹತ್ತಿರ, ಅಮ್ಮ ಅಡುಗೆಮನೆಯಲ್ಲಿ, ಮಗ ಬೆಟ್ಟದ ಮೇಲೆ ಪ್ರವಾಸಿಗರ ಮಕ್ಕಳಿಗೆ ಬೀಳುವುದನ್ನು ಕಲಿಸುತ್ತ. ಬಡಿಸುವುದು ನಿನ್ನೆಯ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಉಂಡೆ ಕಟ್ಟಿ ಬೇಯಿಸಿದ ಕನೆದೆರ್ಲಿ. ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ರೂಪರೇಷೆಯೂ ಇದೇ. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ, ಅಮ್ಮ ರುಬ್ಬಿದ ಚಟ್ನಿಯ ಮುಂದೆ, ಮಗ ಪಾರ್ಸೆಲ್ ಕಟ್ಟುತ್ತ. ರಾತ್ರಿ ಉಬ್ಬಿದ ಹಿಟ್ಟನ್ನು ತಟ್ಟೆ ತಟ್ಟೆಗೆ ಹುಯ್ದು, ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಕ್ಕೇರಿಸಿ, ಹಬೆಯಲ್ಲಿ ಬೇಯಿಸಿ, ತೆಗೆದ ಇಡ್ಲಿ ಹೊಸ ಹಿಮ ಬಿದ್ದ ಬಯಲಿನಷ್ಟು ಬೆಳ್ಳಗೆ, ಅಷ್ಟೇ ಸಪಾಟು. ಅದರ ಮೇಲೆ ಬೆಣ್ಣೆಯ ಉಂಡೆ ಇಟ್ಟ ಕ್ಷಣವೇ ಜಾರತೊಡಗುತ್ತದೆ. ಶುದ್ಧ ಹಿಮಜಾರಾಟ ಇದೊಂದೇ ಎಂಬುದು ನನ್ನ ಖಚಿತ ಮತ.

ಆದರೂ ಒರ್ತಿಸೇಯಿಯ ಹೋಟೆಲಿನವರು ಮೂರು ತಲೆಮಾರಿನ ಫೋಟೋ ಗೋಡೆಗೆ ನೇತುಹಾಕಿ ಕೂತಿದ್ದಾರೆ, ಬಿಡದಿಯವರು ರಸ್ತೆ ನೋಡುತ್ತ ಕೂತಿದ್ದಾರೆ. ಕಾರಣ ಹುಡುಕಿದಾಗ ಎರಡು ಸಿಕ್ಕವು. ಆ ಪ್ರಾಂತ್ಯದಲ್ಲಿ ಹಳೆಯ ಜಮೀನು ಭಾಗವಾಗದೆ ಒಬ್ಬ ವಾರಸುದಾರನಿಗೇ ಇಡಿಯಾಗಿ ಹೋಗಬೇಕೆಂಬ ಕಾನೂನಿದೆ. ಬಿಡದಿಯಲ್ಲಿ ಅಣ್ಣತಮ್ಮಂದಿರ ಭಾಗ ಮುಗಿಯುವಷ್ಟರಲ್ಲಿ ಉಪನಗರದ ಭೂಸ್ವಾಧೀನದ ನೋಟೀಸು ಬಂದಿರುತ್ತದೆ. ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರನ್ನು ಕೇಳಿ, 2006ರಿಂದ ಈ ಕಥೆ ಹೇಳುತ್ತಾರೆ. ಎರಡನೆಯದು ರಸ್ತೆ. ಅಲ್ಲಿಯೂ ಹೆದ್ದಾರಿ ಕೆಳಗಿನ ಕಣಿವೆಯಲ್ಲೇ ಹಾದುಹೋಗುತ್ತದೆ. ಗಾರ್ಡೇನಾಗೆ ಬರುವವರು ಅದನ್ನು ಬಿಟ್ಟು ತಿರುವುಗಳನ್ನು ಹತ್ತಿ ಮೇಲೆ ಬರಬೇಕು. ಬರುತ್ತಾರೆ, ಏಕೆಂದರೆ ಅವರ ಕೈಯಲ್ಲಿ ಒಂದು ವಾರವಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ನಮ್ಮ ಎಕ್ಸ್‌ಪ್ರೆಸ್‌ವೇ ಮೂರು ಗಂಟೆಯ ಮೈಸೂರನ್ನು 75 ನಿಮಿಷಕ್ಕೆ ಇಳಿಸುವ ಮಾತು ಕೊಟ್ಟು ಬಿಡದಿಯನ್ನು ಪಕ್ಕಕ್ಕೆ ಬಿಟ್ಟಿತು. ಹೀಗೆ ಉಳಿಸಿದ ಸಮಯವನ್ನೆಲ್ಲ ಕೂಡಿಟ್ಟು ಬೆಂಗಳೂರಿನವರು ಏನು ಮಾಡುತ್ತಾರೆಂದರೆ, ವರ್ಷಕ್ಕೊಮ್ಮೆ ಇಟಲಿಯ ಹಳ್ಳಿಗೆ ಹೋಗಿ, ಅವಸರವಿಲ್ಲದ ಫ್ಯಾಮಿಲಿ ಹೋಟೆಲಿನಲ್ಲಿ ನಿಧಾನವಾಗಿ ತಿಂಡಿ ತಿನ್ನುತ್ತಾರೆ.

ಆದಕಾರಣ ಬಿಡದಿಯಲ್ಲಿ ಹಿಮದ ಯಂತ್ರ ಹೂಡಿ, ಸಾವನದುರ್ಗದಿಂದ ಹಳೇ ರಸ್ತೆಯವರೆಗೆ ಜಾರುದಾರಿ ಎಳೆದು, ಹೋಟೆಲುಗಳನ್ನು ಅದರ ಬುಡಕ್ಕೆ ಜೋಡಿಸಬೇಕೆಂದು ಈ ಪ್ರಬಂಧ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ಕರಡನ್ನು ಹಳೇ ರಸ್ತೆಯ ಇಡ್ಲಿ ಹೋಟೆಲಿನ ಯಜಮಾನರೊಬ್ಬರಿಗೆ ಓದಿ ಹೇಳಲಾಯಿತು. ಅವರು ಗಲ್ಲಾದಿಂದ ಏಳದೆಯೇ ಇಡೀ ವಾದ ಕೇಳಿಸಿಕೊಂಡರು. ಬಂಡೆಯ ವಯಸ್ಸು ಒಪ್ಪಿದರು, ನೊರೆಯ ವಿಚಾರಕ್ಕೆ ನಗಲಿಲ್ಲ.

“ಎಲ್ಲಾ ಸರಿ ಸಾ,” ಎಂದರು ಕೊನೆಗೆ. “ಡಿಸೆಂಬರ್ ಚಳೀಲೇ ನಮ್ ಹಿಟ್ಟು ಉಬ್ಬಲ್ಲ ಅಂತ ಒಲೆ ಪಕ್ಕ ಇಟ್ಟು, ಗೋಣಿಚೀಲ ಹೊದಿಸಿ ಮಲಗಿಸ್ತೀವಿ. ನೀವು ಐಸು ಸುರಿಸ್ಬಿಟ್ರೆ ಬೆಳಿಗ್ಗೆ ಬಂದೋರ್ಗೆ ಏನು ಕೊಡೋದು?”