ಕಾವಲು ಕಾದದ್ದು ಸೊನ್ನೆ ಗಂಟೆ

ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಖಜಾಂಚಿ ಯಾರಾಗ್ತೀರಿ ಎಂದು ಸಭೆಯಲ್ಲಿ ಕೇಳಿದಾಗ ನಾನು ಮೂಗಿನ ಮೇಲೆ ಕೂತ ನೊಣ ಓಡಿಸಲು ಕೈ ಎತ್ತಿದೆ. ಅಷ್ಟೇ. ಚಪ್ಪಾಳೆ ಬಿದ್ದುಹೋಯಿತು.

ಹಿಂದಿನ ಖಜಾಂಚಿ ಗೆರೆ ಹಾಕಿದ ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಬಂದವನೇ "ಇನ್ನು ಮೇಲೆ ಎಲ್ಲಾ ಎಕ್ಸೆಲ್‌ನಲ್ಲಿ" ಎಂದು ಸಾರಿಬಿಟ್ಟೆ. "ಗ್ಯಾಸ್ ಬುಕ್ ಮಾಡೋಕೂ ಮಗಳಿಗೆ ಫೋನ್ ಹಚ್ತೀರಿ, ಎಕ್ಸೆಲ್ ಅಂತೆ" ಎಂದಳು ನನ್ನವಳು. ಹೆಂಡತಿ ಮಾತು ಕೇಳಬೇಕಿತ್ತು ಎಂದು ಅನ್ನಿಸುವುದು ಯಾವಾಗಲೂ ಆಮೇಲೆಯೇ.

ಮೊದಲ ಕೆಲಸ ರಾತ್ರಿ ಪಾಳಿಯ ವಾಚ್‌ಮನ್ ಸಂಬಳ. ಗಂಟೆಗೆ 60 ರೂಪಾಯಿ. ಆತ ರಾತ್ರಿ 8ಕ್ಕೆ ಬಂದು ಬೆಳಿಗ್ಗೆ 8ಕ್ಕೆ ಹೋಗುತ್ತಾನೆ. ಒಂದು ಕಾಲಮ್ಮಿನಲ್ಲಿ ಬಂದ ಹೊತ್ತು, ಪಕ್ಕದಲ್ಲಿ ಹೋದ ಹೊತ್ತು, ಹೋದದ್ದರಲ್ಲಿ ಬಂದದ್ದು ಕಳೆದರಾಯಿತು, ಒಂದನೇ ಕ್ಲಾಸಿನ ಲೆಕ್ಕ. ಎಂಟರ್ ಒತ್ತಿದೆ. ಉತ್ತರದ ಜಾಗದಲ್ಲಿ ಬರೀ ಹ್ಯಾಶ್ ಗುರುತು, ಮೇಲಿನಿಂದ ಕೆಳಗಿನವರೆಗೆ. ಕಾಲಂ ಇಕ್ಕಟ್ಟಾದರೆ ಹಾಗಾಗುತ್ತದೆ, ಅಗಲ ಮಾಡಬೇಕು ಎಂದು ಯಾರೋ ಹೇಳಿದ್ದು ನೆನಪಾಯಿತು. ಎಳೆದೆ. ಎಳೆದಷ್ಟೂ ಹ್ಯಾಶ್‌ಗಳು ಹೆಚ್ಚಾದವು, ಊರಾಚೆಯ ಸೈಟಿಗೆ ತಂತಿಬೇಲಿ ಹಾಕಿದ ಹಾಗೆ.

ಕೊನೆಗೆ ಮೂರನೇ ಮಹಡಿಯ ಸಾಫ್ಟ್‌ವೇರ್ ಹುಡುಗನನ್ನು ಕರೆದೆ. ಅವನು ಕುರ್ಚಿಯ ಮೇಲೆ ಕೂರುವ ಮೊದಲೇ ಪಾಠ ಶುರು ಮಾಡಿದ. "ಅಂಕಲ್, ಇದಕ್ಕೆ ಗಡಿಯಾರವೇ ಗೊತ್ತಿಲ್ಲ. ಗೊತ್ತಿರೋದು ದಿನ ಮಾತ್ರ. 1900ರ ಜನವರಿ 1 ಅಂದ್ರೆ ಒಂದು, ಮಾರನೇ ದಿನ ಎರಡು, ಹಾಗೇ ಎಣಿಸ್ತಾ ಬಂದಿದೆ. ಗಂಟೆ ಅನ್ನೋದು ದಿನದ ಚೂರು ಅಷ್ಟೇ."

ಬೆಳಿಗ್ಗೆ 6 ಎಂದರೆ ಕಾಲು, ಮಧ್ಯಾಹ್ನ 12 ಅರ್ಧ, ಸಂಜೆ 6 ಮುಕ್ಕಾಲು. ಇದು ಹಾಲಿನವನ ಲೆಕ್ಕವಲ್ಲವೇ! ಬೆಳಿಗ್ಗೆ 8 ದಿನದ ಮೂರನೇ ಒಂದು ಪಾಲು, ರಾತ್ರಿ 8 ಆರನೇ ಐದು ಪಾಲು. ಚಿಕ್ಕದರಲ್ಲಿ ದೊಡ್ಡದು ಕಳೆದರೆ ಮೈನಸ್ ಅರ್ಧ ದಿನ. ಮೈನಸ್ಸಿಗೆ ಗಡಿಯಾರದ ವೇಷ ಹಾಕಲು ಎಕ್ಸೆಲ್‌ಗೆ ಬರುವುದಿಲ್ಲವಂತೆ, ಅದಕ್ಕೇ ಬೇಲಿ.

"ಈಗೇನಪ್ಪಾ ಮಾಡ್ಲಿ?"

"ಮಾಡ್, ಅಂಕಲ್."

"ಅದೇ ಕೇಳ್ತಿದೀನಿ, ಏನು ಮಾಡ್ಲಿ?"

"ಮಾಡ್, ಅಂಕಲ್, ಮಾಡ್!"

ತಂದೆಯ ವಯಸ್ಸಿನವನಿಗೆ ಏಕವಚನ! ಏನಿಲ್ಲವೆಂದರೂ 'ಮಾಡಿ' ಅನ್ನಬಾರದೇ? ಆಮೇಲೆ ತಿಳಿಯಿತು, ಅದು ಸೂತ್ರದ ಹೆಸರು. ಭಾಗಿಸಿದ ಮೇಲೆ ಉಳಿಯುವ ಶೇಷವನ್ನು ಕೊಡುತ್ತದೆ. ಹೋದದ್ದರಲ್ಲಿ ಬಂದದ್ದು ಕಳೆದು, ಕಾಮಾ ಹಾಕಿ, ಒಂದು ಬರೆದು, ಅದಕ್ಕೆ ಈ ಮಾಡ್ ತೊಡಿಸಿದರೆ ಮೈನಸ್ ಅರ್ಧ ಪ್ಲಸ್ ಅರ್ಧವಾಗುತ್ತದೆ. ಬೇಲಿ ಕಿತ್ತುಹೋಗಿ ಪ್ರತಿ ಸಾಲಿನಲ್ಲೂ 12:00 ಕಾಣಿಸಿತು.

ಎಕ್ಸೆಲ್ ಏನೋ ಅಮೆರಿಕದ್ದು ಅಂದುಕೊಂಡಿದ್ದೆ, ನೋಡಿದರೆ ಅದು ಪಂಚಾಂಗದ ಜೋಯಿಸರ ಪೈಕಿ! ಕಲಿಯುಗ ಹುಟ್ಟಿದಂದಿನಿಂದ ಎಷ್ಟು ದಿನ ಕಳೆಯಿತು ಎಂಬ ಲೆಕ್ಕವನ್ನು ನಮ್ಮವರು ಅಹರ್ಗಣ ಅಂದರು. ಇವರು ಕಲಿಯ ಬದಲು 1900 ಹಿಡಿದರು, ಅಷ್ಟೇ ವ್ಯತ್ಯಾಸ. ದಿನವನ್ನು 24ರಿಂದ ಗುಣಿಸಿದರೆ ಗಂಟೆ, 1440ರಿಂದ ಗುಣಿಸಿದರೆ ನಿಮಿಷ, 60ರಿಂದ ಗುಣಿಸಿದರೆ ನಮ್ಮಜ್ಜನ ಘಳಿಗೆ. ಇನ್ನು ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ, ನಡುರಾತ್ರಿಯಲ್ಲಲ್ಲ. ಎಕ್ಸೆಲ್ ಕೂಡ ಹಾಗೇ ದಿನ ಬದಲಿಸುತ್ತಿದ್ದು, ವಾಚ್‌ಮನ್ ಬೆಳಕು ಹರಿಯುವ ಮೊದಲೇ ಮನೆಗೆ ಹೋಗುವವನಾಗಿದ್ದರೆ ಈ ಮೈನಸ್ ಫಜೀತಿಯೇ ಇರುತ್ತಿರಲಿಲ್ಲ.

ಎಕ್ಸೆಲ್ ಲೆಕ್ಕದಲ್ಲಿ 60ನೇ ದಿನ ಯಾವುದು ಗೊತ್ತೇ? 1900ರ ಫೆಬ್ರವರಿ 29. ಅಂಥ ದಿನ ಹುಟ್ಟೇ ಇಲ್ಲ. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. 1900 ಆ ಪೈಕಿಯದಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ತಂತ್ರಾಂಶದಲ್ಲಿ ಈ ತಪ್ಪಿತ್ತು. ಅದರ ಕಡತಗಳು ಇಲ್ಲೂ ಸರಿಯಾಗಿ ತೆರೆಯಲಿ ಎಂದು ಎಕ್ಸೆಲ್‌ನವರು ತಪ್ಪನ್ನೂ ಜೋಪಾನವಾಗಿ ನಕಲು ಮಾಡಿದರು. ನಾನೂ ಹೈಸ್ಕೂಲಿನಲ್ಲಿ ಪಕ್ಕದವನ ತಪ್ಪುಗಳನ್ನು ಅಷ್ಟೇ ನಿಷ್ಠೆಯಿಂದ ನಕಲು ಮಾಡಿದ್ದೇನೆ, ಮೇಷ್ಟ್ರು ಅದಕ್ಕೆ ಬೇರೆ ಹೆಸರು ಕೊಟ್ಟರು. ಇರಲಿ, ಅಧಿಕ ಮಾಸ ಅಂತ ಇಡೀ ತಿಂಗಳನ್ನೇ ಸೇರಿಸಿಕೊಳ್ಳುವ ನಾವು ಒಂದು ದಿನಕ್ಕೆ ಜಗಳ ತೆಗೆಯುವುದು ಬೇಡ.

ಹುಡುಗ ಹೋದ ಮೇಲೆ ತಿಂಗಳ ಮೊತ್ತ ಕೂಡಿಸಿ, ಪ್ರಿಂಟ್ ತೆಗೆದು, ಗೇಟಿನ ನೋಟಿಸ್ ಬೋರ್ಡಿಗೆ ಠೀವಿಯಿಂದ ಅಂಟಿಸಿ ಬಂದೆ. ಅರ್ಧ ಗಂಟೆಯಲ್ಲಿ ಕಾಲಿಂಗ್ ಬೆಲ್. ಬಾಗಿಲಲ್ಲಿ ವಾಚ್‌ಮನ್.

"ಸಾರ್, ಮೊತ್ತದಲ್ಲಿ ಸೊನ್ನೆ ಗಂಟೆ ಅಂತ ಐತೆ. ಒಂದೆರಡು ಸಲ ಕಣ್ಣು ಹತ್ತಿದ್ದು ನಿಜ ಸಾರ್. ಆದ್ರೆ ಇಡೀ ತಿಂಗಳಾ?"

ಓಡಿಹೋಗಿ ನೋಡಿದೆ. 26 ರಾತ್ರಿ, 12 ಗಂಟೆಯಂತೆ 312 ಗಂಟೆ. ಎಕ್ಸೆಲ್ ಕಣ್ಣಿಗೆ ಅದು ಸರಿಯಾಗಿ 13 ದಿನ. ಗಡಿಯಾರದ ಮುಳ್ಳು 13 ದಿನ ತಿರುಗಿದ ಮೇಲೆ ಎಲ್ಲಿರುತ್ತದೆ? ಹೊರಟಲ್ಲೇ. ಆದ್ದರಿಂದ 0:00. ಅವಸರದಲ್ಲಿ 60 ರೂಪಾಯಿಯಿಂದ ಗುಣಿಸಿದೆ, 780 ರೂಪಾಯಿ ಬಂತು. ಹದಿಮೂರನ್ನು ಅರವತ್ತರಿಂದ ಗುಣಿಸಿದರೆ ಇನ್ನೇನು ಬರುತ್ತದೆ? ಆತ ನನ್ನ ಬೆನ್ನ ಹಿಂದೆ ನಿಂತು ಇದನ್ನೂ ನೋಡಿದ. ಏನೂ ಅನ್ನಲಿಲ್ಲ, ಕೆಮ್ಮಿದ.

ಮತ್ತೆ ಮೂರನೇ ಮಹಡಿಗೆ ಫೋನ್. ಮೊತ್ತದ ಫಾರ್ಮ್ಯಾಟಿನಲ್ಲಿ ಗಂಟೆಯ ಎಚ್ ಅಕ್ಷರದ ಸುತ್ತ ಚೌಕ ಆವರಣ ಹಾಕಬೇಕಂತೆ. ಆಗ 24 ದಾಟಿದರೂ ಎಣಿಕೆ ಮುಂದುವರಿಯುತ್ತದೆ. ಹಣಕ್ಕೆ ಬಂದಾಗ ಇನ್ನೂ ಒಂದು 24ರಿಂದ ಗುಣಿಸಬೇಕು. 18,720 ರೂಪಾಯಿ ಬಂತು. ವಾಚ್‌ಮನ್ ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದ. ಐದೈದರ ಕಟ್ಟಾಗಿ ಗೀಟು ಎಳೆದಿದ್ದ, 26 ಗೀಟು. ಕೆಳಗೆ 18,720 ಎಂದು ಪೆನ್ಸಿಲ್ಲಿನಲ್ಲಿ ಬರೆದು, ಎರಡು ಗೆರೆ ಹೊಡೆದು ಮುಗಿಸಿದ್ದ. ತಾರೀಕು ನೋಡಿದೆ, ಹಿಂದಿನ ದಿನದ್ದು.

ಮುಂದಿನ ತಿಂಗಳು ಇನ್ನೊಂದಾಯಿತು. ಹಗಲು ಪಾಳಿಯವನು ಕೈಕೊಟ್ಟಿದ್ದರಿಂದ ಈತ ರಾತ್ರಿ 8ರಿಂದ ಮರುದಿನ ರಾತ್ರಿ 8ರವರೆಗೆ ಗೇಟು ಕಾದ. ಮಾಡ್ ಸೂತ್ರ ಸೊನ್ನೆ ಅಂದಿತು, ಎಂಟರಲ್ಲಿ ಎಂಟು ಹೋಯಿತಲ್ಲ! ಈಗ ಹೊತ್ತಿನ ಜೊತೆ ತಾರೀಕನ್ನೂ ಬರೆಸುತ್ತೇನೆ. ತಾರೀಕಿದ್ದರೆ ಮಾಡ್ ಬೇಡ, ಏನೂ ಬೇಡ, ಸುಮ್ಮನೆ ಕಳೆದರೆ ಸಾಕು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದರೆ "ನೀವು ಕೇಳ್ಲಿಲ್ಲ ಅಂಕಲ್" ಎನ್ನುತ್ತಾನೆ ಹುಡುಗ.

ಇದನ್ನೆಲ್ಲ ತಿದ್ದುತ್ತಾ ಕೂತಿದ್ದಾಗ ಒಳಗಿನಿಂದ ಊಟಕ್ಕೆ ಕೂಗು ಬಂತು. "ಐದೇ ನಿಮಿಷ, ಬಂದೆ" ಎಂದೆ.

"ರೀ, ನಿಮ್ಮ ಐದು ನಿಮಿಷಕ್ಕೂ ಆ ಚೌಕ ಆವರಣ ಹಾಕಿ ನೋಡಿ" ಎಂದಳು. "ಸಾರು ಬಿಸಿ ಮಾಡ್ತಿರೋದು ಇದು ಮೂರನೇ ಸಲ."